ಬೇಕಿಗೂ ಬೇಡಕ್ಕೂ ಮೊದಲಕ್ಷರ ಒಂದೇ

ನಮ್ಮ ಚಿಕ್ಕಪ್ಪನ ಮದುವೆ ಕೆಡಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಬರೆಯಲು ಸಲೀಸು. ಮನೆಯಲ್ಲಿ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಹೊರಟ ಹೊತ್ತು ಒಳ್ಳೆಯದಿರಲಿಲ್ಲ ಅಂತ ಅಜ್ಜಿ. ಆ ಕಡೆಯವರಿಗೆ ಮೊದಲಿಂದಲೇ ಮನಸ್ಸಿರಲಿಲ್ಲ ಅಂತ ಅಪ್ಪ. ಕಾಫಿ ತಣ್ಣಗಿತ್ತು, ನನಗೆ ಆಗಲೇ ಗೊತ್ತಾಯಿತು ಅಂತ ಅಮ್ಮ. ಅದ್ಯಾವುದೂ ಅಲ್ಲ. ಒಂದೇ ಒಂದು ಮಾತು ಹೇಳಿ ನಾನು ಕೆಡಿಸಿದೆ. ಅದನ್ನೂ ನನ್ನ ದನಿಯಲ್ಲಿ ಹೇಳಲಿಲ್ಲ, ಅವನ ದನಿಯಲ್ಲೇ ಹೇಳಿದೆ.

ಮಂದಿಯ ದನಿ ಕದಿಯುವ ಚಾಳಿ ನನಗೆ ಚಿಕ್ಕಂದಿನಿಂದ ಇತ್ತು. ಸೇಲಂ ಬಸ್ಸಿನ ಕಂಡಕ್ಟರು, ಇಸ್ಕೂಲಿನ ತಮಿಳು ಮೇಷ್ಟ್ರು, ನಶ್ಯ ಏರಿಸಿ ಸೀನುವ ಅಜ್ಜಿ, ಎಲ್ಲರೂ ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದರು. ಅಜ್ಜಿಯ ದನಿಯಲ್ಲಿ ಹಿತ್ತಲಿಂದ ಕೂಗಿದರೆ ಅಪ್ಪ ‘ಬಂದೆ ಕಣವ್ವ’ ಅಂತ ಓಡಿಬರುತ್ತಿದ್ದ. ನನ್ನನ್ನೂ ನಾನು ಬಿಟ್ಟವನಲ್ಲ. ಪರೀಕ್ಷೆಯಲ್ಲಿ ಫೇಲಾದ ದಿನ ಹೇಗೆ ಅತ್ತೆ ಅಂತ ಮಾರನೇ ದಿನ ನಾನೇ ಮಾಡಿ ತೋರಿಸಿ ಟೀ ಅಂಗಡಿಯನ್ನು ನಗಿಸಿದ್ದೆ.

ಚಿಕ್ಕಪ್ಪನ ದನಿ ಕದಿಯುವುದು ಎಲ್ಲಕ್ಕಿಂತ ಸುಲಭ. ಅವನಿಗೆ ಉಗ್ಗು. ಮಾತು ಬಾಯಿಯ ತುದಿಗೆ ಬಂದು ನಿಂತುಬಿಡುತ್ತಿತ್ತು. ಕಣ್ಣು ಮುಚ್ಚಿ, ಗದ್ದ ಮೇಲೆತ್ತಿ, ಮೊದಲ ಅಕ್ಷರವನ್ನೇ ಎರಡು ಮೂರು ಸಲ ತಟ್ಟಿ, ಆಮೇಲೆ ಉಳಿದದ್ದನ್ನು ಒಂದೇ ಉಸಿರಿಗೆ ಹೊರಗೆ ಹಾಕುತ್ತಿದ್ದ. ತಮಿಳು ಸೀಮೆಯ ಪಾಪಿರೆಡ್ಡಿಪಟ್ಟಿಯ ಹತ್ತಿರ ನಮ್ಮ ಊರಲ್ಲಿ ಅವನದೊಂದು ಹಿಟ್ಟಿನ ಮಿಲ್ಲು ಇತ್ತು. ಮಿಲ್ಲು ಓಡುವಾಗ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ರಾಗಿ ತಂದ ಹೆಂಗಸರು ಹೆಬ್ಬೆರಳು ತೋರುಬೆರಳು ಉಜ್ಜಿ ನುಣ್ಣಗೆ ಇರಲಿ ಅಂತ ತೋರಿಸುತ್ತಿದ್ದರು, ಅವನು ತಲೆ ಆಡಿಸುತ್ತಿದ್ದ. ಆ ಗದ್ದಲದಲ್ಲಿ ಊರಿಗೆ ಊರೇ ಮೂಕವಾಗುತ್ತಿದ್ದರಿಂದ ಅವನು ಅಲ್ಲಿ ಸುಖವಾಗಿದ್ದ. ಮೂವತ್ತೊಂಬತ್ತು ದಾಟಿದ್ದರೂ ಮದುವೆ ಆಗಿರಲಿಲ್ಲ. ಕೇಳಹೋದ ಕಡೆಯಲ್ಲೆಲ್ಲ ‘ತಿಕ್ಕುವಾಯನ್’, ಅಂದರೆ ಉಗ್ಗ, ಅಂತ ತಮಿಳಲ್ಲಿ ಪಿಸುಗುಟ್ಟಿ, ಕನ್ನಡದಲ್ಲಿ ‘ನೋಡೋಣ’ ಅಂದು ಕಳಿಸಿದ್ದರು.

ಮನೆಯಲ್ಲಿ ಅವನ ಮಾತನ್ನು ಯಾರೂ ಮುಗಿಯುವ ತನಕ ಕಾಯುತ್ತಿರಲಿಲ್ಲ. ನಾವೇ ಮುಗಿಸುತ್ತಿದ್ದೆವು. ಅದು ಕೆಟ್ಟ ಬುದ್ಧಿಯಿಂದಲ್ಲ, ಪಾಪ ಒದ್ದಾಡುತ್ತಾನೆ ಅಂತ. ಅವನು ‘ಸೊ... ಸೊ...’ ಅಂದರೆ ಅಮ್ಮ ಸೊಪ್ಪಿನ ಸಾರು ಬಡಿಸುತ್ತಿದ್ದಳು. ಅವನು ಹೇಳಹೊರಟದ್ದು ಸೊಳ್ಳೆ ಅಂತ ಇದ್ದರೂ ಸಾರು ಉಂಡು ಕೈ ತೊಳೆಯುತ್ತಿದ್ದ. ಈ ಮುಗಿಸುವ ಪಂದ್ಯದಲ್ಲಿ ಮನೆಯಲ್ಲೆಲ್ಲ ನಾನೇ ಮುಂದು. ಅವನ ಉಸಿರನ್ನೂ ಸೇರಿಸಿ ಅವನ ಹಾಗೇ ಮುಗಿಸುತ್ತಿದ್ದೆ. ಅವನೂ ನಗುತ್ತಿದ್ದ, ಅಥವಾ ನಗುತ್ತಿದ್ದ ಅಂತ ನಾನು ತಿಳಿದಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಂಪ್ಯೂಟರ್ ಡಿಗ್ರಿ ಮುಗಿಸಿದ ನನಗೆ ಸೇಲಂನ ಐದು ರಸ್ತೆ ಸರ್ಕಲ್ಲಿನ ಹತ್ತಿರ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಾವು ಐದು ಜನ. ಮಾಲೀಕರು ಒಬ್ಬರು, ನಮ್ಮೆಲ್ಲರಿಗಿಂತ ಹೆಚ್ಚು ತಿಳಿದ ಸೇಲಂನ ಅಕ್ಕ ಒಬ್ಬರು. ಅವರು ಆಡುತ್ತಿದ್ದದ್ದು ತಮಿಳು. ಇಲ್ಲಿ ಹೆಚ್ಚಿನದನ್ನು ಕನ್ನಡದಲ್ಲೇ ಬರೆಯುತ್ತೇನೆ.

ನಾವು ಮಾಡುತ್ತಿದ್ದದ್ದು ಒಂದು ವೆಬ್ ಸರ್ವರ್. ಅದು ಒಬ್ಬ ವ್ಯಾಪಾರಿಯ ದೊಡ್ಡ ಸರ್ವರಿನ ಮುಂದೆ ನಿಲ್ಲಬೇಕಾಗಿತ್ತು. ಊರೂರಿನ ಡೀಲರುಗಳು ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿ ಆರ್ಡರ್ ಫಾರಂ ಕಳಿಸುತ್ತಿದ್ದರು. ಆ ಮೋಡೆಮ್ಮಿನ ಕೀರಲನ್ನೂ ನಾನು ಮಾಡುತ್ತಿದ್ದೆ, ಮಾಲೀಕರು ಎರಡು ಸಲ ಮೋಸ ಹೋಗಿ ಲೈನ್ ಸಿಕ್ಕಿತೆಂದು ಎದ್ದು ಬಂದಿದ್ದರು. ಲೈನು ಕೆಟ್ಟದ್ದು, ಫಾರಂ ತುಣುಕು ತುಣುಕಾಗಿ ಬರುತ್ತಿತ್ತು. ನಮ್ಮ ಸರ್ವರ್ ಏನು ಮಾಡಬೇಕು ಅಂತ ಅಕ್ಕ ಮೊದಲ ದಿನ ಹೇಳಿದ್ದು ಹೀಗೆ:

“ಕಲೆಕ್ಟರ್ ಆಫೀಸಿನ ಮುಂದೆ ಮರದಡಿ ಅರ್ಜಿ ಬರೆಯೋನು ಕುಂತಿರ್ತಾನಲ್ಲ, ನಮ್ಮದು ಅವನ ಕೆಲಸ. ಊರಿಂದ ಬಂದ ಮುದುಕಪ್ಪ ನಿಂತು ನಿಂತು ಹೇಳ್ತಾನೆ. ಇವನು ಪೂರಾ ಕೇಳಿ, ಪೂರಾ ಬರೆದು, ಒಂದೇ ಸಲ ಒಳಗೆ ಕೊಡ್ಬೇಕು. ಅರ್ಧಂಬರ್ಧ ಕೇಳಿ ಒಳಗೆ ಓಡಿದ್ರೆ ದೊರೆ ಒಬ್ಬ ಮುದುಕಪ್ಪನ ಜೊತೇನೇ ದಿನವೆಲ್ಲ ಕುಂತಿರ್ಬೇಕಾಗ್ತದೆ. ಉತ್ತರ ಬಂದಾಗಲೂ ಅಷ್ಟೇ. ದೊರೆ ಒಂದೇ ಸಲ ಹೇಳಿ ಮುಂದಿನ ಕೆಲಸಕ್ಕೆ ಹೋಗ್ಬೇಕು. ಅದನ್ನ ಹಿಡಿದಿಟ್ಕೊಂಡು ಮುದುಕಪ್ಪನಿಗೆ ನಿಧಾನಕ್ಕೆ ಓದಿ ಹೇಳೋದು ನಮ್ಮ ಪಾಡು.”

ಮುದುಕಪ್ಪ ಅಂದರೆ ಡೀಲರು, ದೊರೆ ಅಂದರೆ ಹಿಂದಿನ ದೊಡ್ಡ ಸರ್ವರ್. ಇದಕ್ಕೆ ಬಫರಿಂಗ್ ಅಂತ ಹೆಸರು. ಅದು ಸರಿಯಾಗಿ ಆಗುತ್ತಿದೆಯೇ ಅಂತ ಪರೀಕ್ಷೆ ಮಾಡುವುದು ನನ್ನ ಕೆಲಸ. ಮೊದಲ ವಾರ ಕೈಯಲ್ಲೇ ಮಾಡಿದೆ. ಒಂದು ಅಕ್ಷರ ಒತ್ತುವುದು, ಕಿಟಕಿಯಿಂದ ಬೀದಿ ನೋಡುವುದು, ಇನ್ನೊಂದು ಅಕ್ಷರ ಒತ್ತುವುದು. ಅಕ್ಕ ಬಂದು ನೋಡಿ, “ಇದನ್ನ ಮಷೀನಿಗೆ ಹೇಳಿಕೊಡೋ. ಅದಕ್ಕೆ ಬೇಜಾರಾಗಲ್ಲ, ಅದು ಬೀದಿಯಲ್ಲಿ ಹೋಗೋ ಹುಡುಗಿಯರನ್ನೂ ನೋಡಲ್ಲ,” ಅಂದರು.

ಆಗ ನನಗೆ ಖುಷಿಯಾಯಿತು. ನಿಧಾನದ ಡೀಲರನ ಹಾಗೆ ನಟಿಸುವ ಪ್ರೋಗ್ರಾಮು ಬರೆಯಬೇಕು. ಅಂದರೆ ಮಷೀನಿಗೆ ಮಿಮಿಕ್ರಿ ಕಲಿಸಬೇಕು. ಒಂದು ಕಡೆ ನಟಿಸುವ ಡೀಲರ್, ನಡುವೆ ನಮ್ಮ ಸರ್ವರ್, ಹಿಂದೆ ದೊಡ್ಡ ಸರ್ವರಿನ ಬದಲಿಗೆ ನಾನೇ ಬರೆದ ಒಂದು ಡಮ್ಮಿ. ಪ್ರತಿ ಪರೀಕ್ಷೆಗೂ ನಮ್ಮವರ ಹೆಸರಿಟ್ಟೆ. ನಿಲ್ಲಿಸದೆ ಸುರಿಯುತ್ತಲೇ ಹೋಗುವ ದೊಡ್ಡ ಫಾರಂಗೆ ಅಜ್ಜಿ. ಅರ್ಧಕ್ಕೆ ಫೋನ್ ಇಟ್ಟುಬಿಡುವುದಕ್ಕೆ ಅಪ್ಪ. ನಮಸ್ಕಾರ ಹಾಕಿ ಆಮೇಲೆ ಏನೂ ಹೇಳದವನಿಗೆ ಮಾಲೀಕರ ಹೆಸರು. ತಪ್ಪು ಫಾರಂ ಕಳಿಸುವವನಿಗೆ ನನ್ನ ಹೆಸರು. ಅಕ್ಷರ ಅಕ್ಷರಕ್ಕೂ ತಡೆದು ತಡೆದು ಕಳಿಸುವುದಕ್ಕೆ ಚಿಕ್ಕಪ್ಪ.

ಆ ತಡೆಗಳು ಎಷ್ಟೆಷ್ಟು ಇರಬೇಕು? ಸುಮ್ಮನೆ ಬಾಯಿಗೆ ಬಂದದ್ದು ಹಾಕಬಹುದಿತ್ತು. ಆದರೆ ನನಗೆ ಅಸಲಿ ಬೇಕಿತ್ತು. ಒಂದು ಭಾನುವಾರ ಊರಿಗೆ ಹೋಗಿ, ಮಿಲ್ಲಿನಲ್ಲಿ ರಾಗಿ ಮೂಟೆಯ ಮೇಲೆ ಕುಳಿತು, ಚಿಕ್ಕಪ್ಪನನ್ನು ಮಾತಿಗೆ ಎಳೆದೆ. ಮಿಲ್ಲು ನಿಂತಿತ್ತು. ಕೈಗಡಿಯಾರ ನೋಡಿಕೊಂಡು ಅವನು ಎಲ್ಲಿ ಎಷ್ಟು ಸೆಕೆಂಡು ನಿಲ್ಲುತ್ತಾನೆ ಅಂತ ಅಂಗೈ ಅಗಲದ ಕಾಗದದಲ್ಲಿ ಗುರುತು ಹಾಕುತ್ತಾ ಹೋದೆ. ಅವನಿಗೆ ಇದು ಗೊತ್ತಿರಲಿಲ್ಲ. ಅಣ್ಣನ ಮಗ ಸೇಲಂನಿಂದ ಬಂದು ತನ್ನ ಹತ್ತಿರ ಕೂತಿದ್ದಾನೆ, ಬಾಯಿ ಹಾಕದೆ ಕೇಳುತ್ತಿದ್ದಾನೆ ಅಂತ ಅವನು ತಿಳಿದ. ಅವನ ಮಾತನ್ನು ಯಾರೂ ಕೊನೆತನಕ ಕೇಳಿರಲಿಲ್ಲ. ಆ ಭಾನುವಾರ ನಾನು ಕೇಳಿದೆ, ಗಡಿಯಾರ ನೋಡುತ್ತಾ.

ಅವನು ಎಂದೂ ಆಡದಷ್ಟು ಆಡಿದ. ಮಾರಂಡಹಳ್ಳಿಯಲ್ಲಿ ಒಬ್ಬ ಹೆಂಗಸು ಇದ್ದಾಳೆ, ಗಂಡ ತೀರಿ ನಾಲ್ಕು ವರ್ಷ, ಏಳು ವರ್ಷದ ಮಗಳಿದ್ದಾಳೆ, ಅಪ್ಪನ ಮನೆಯಲ್ಲಿ ಹೆಂಗಸರ ಜಾಕೀಟು ಹೊಲಿದುಕೊಂಡು ಇದ್ದಾಳೆ. ನೆಂಟರ ಗೃಹಪ್ರವೇಶದಲ್ಲಿ ಚಿಕ್ಕಪ್ಪ ಅವಳ ಪಕ್ಕದ ಎಲೆಯಲ್ಲಿ ಊಟಕ್ಕೆ ಕೂತಿದ್ದ. ಅನ್ನ ಕೇಳಲು ಬಾಯಿ ತೆರೆದು ಒದ್ದಾಡುತ್ತಿದ್ದಾಗ ಬಡಿಸುವವನು ಮುಂದೆ ಹೋಗಿಬಿಟ್ಟ. ಅವಳು ಆ ಬಡಿಸುವವನನ್ನು ಕರೆದು, “ಇರಪ್ಪ, ಅವ್ರು ಏನೋ ಕೇಳ್ತಾವ್ರೆ,” ಅಂದಳು. ಅಷ್ಟೇ ನಡೆದದ್ದು. ಇದನ್ನು ಹೇಳಲು ಚಿಕ್ಕಪ್ಪನಿಗೆ ಕಾಲುಗಂಟೆ ಹಿಡಿಯಿತು. ಈಗ ಎರಡೂ ಮನೆಯವರು ಮಾತಾಡಿದ್ದಾರೆ, ಮುಂದಿನ ಭಾನುವಾರ ಹೋಗಬೇಕು.

“ನ... ನ... ನೀನೂ ಬಾರ್ಲಾ,” ಅಂದ. “ನೀನಿದ್ರೆ ಧೈರ್ಯ.”

ನಾನು ಕಾಗದದಲ್ಲಿ ಬರೆದುಕೊಂಡೆ: ನ, ನಾಲ್ಕು ಸೆಕೆಂಡು.

ಸೋಮವಾರ ಆ ಲೆಕ್ಕವನ್ನೆಲ್ಲ ಪ್ರೋಗ್ರಾಮಿಗೆ ಹಾಕಿ ಓಡಿಸಿದೆ. ಪಾಸು. ಮತ್ತೆ ಓಡಿಸಿದೆ, ಮತ್ತೆ ಪಾಸು. ಚಿಕ್ಕಪ್ಪ ಎಷ್ಟು ತಡವರಿಸಿದರೂ ನಮ್ಮ ಸರ್ವರ್ ಸರಿಯಾದ ಉತ್ತರವನ್ನೇ ತಂದುಕೊಡುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಆಫೀಸಿನವರ ಮುಂದೆ ಎದ್ದು ನಿಂತು, ಕಣ್ಣು ಮುಚ್ಚಿ ಗದ್ದ ಎತ್ತಿ, ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಚಿಕ್ಕಪ್ಪನಾಗಿ ಮಾಡಿ ತೋರಿಸಿದೆ. ಮಾಲೀಕರಿಗೆ ನಕ್ಕು ನಕ್ಕು ಮೊಸರನ್ನ ನೆತ್ತಿಗೇರಿತು. ಅಕ್ಕ ಮಾತ್ರ ಡಬ್ಬಿಯ ಮುಚ್ಚಳ ಹಾಕುತ್ತಾ, “ಪಾವಂಡಾ,” ಅಂದರು. ಪಾಪ ಕಣೋ ಅಂತ. ಯಾರಿಗೆ ಪಾಪ ಅಂತ ನಾನು ಕೇಳಲಿಲ್ಲ.

ಭಾನುವಾರ ನಾವು ಐದು ಜನ ಧರ್ಮಪುರಿಗೆ ಹೋಗಿ, ಬಸ್ ಬದಲಾಯಿಸಿ, ಪಾಲಕ್ಕೋಡಿನ ಮೇಲೆ ಮಾರಂಡಹಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಅಜ್ಜಿ ಪಾಠ ಹೇಳಿದಳು.

“ಆ ಮಗೀನ ಅವ್ಳು ತಾತನ ಮನೇಲೇ ಬುಟ್ಟು ಬರ್ಲಿ. ಕೇಳಿದ್ರೆ ಅಂಗೇ ಅನ್ಬೇಕು, ತಿಳೀತಾ? ನಾಳೆ ಇವಂಗೇ ಮಕ್ಳಾದ್ರೆ ಸುಮ್ಕೆ ತಕರಾರು.”

ಚಿಕ್ಕಪ್ಪ ಕಿಟಕಿಯಿಂದ ಹೊರಗೆ ಟೊಮೆಟೊ ತೋಟಗಳನ್ನು ನೋಡುತ್ತಿದ್ದ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಪ್ಪ, ಅಮ್ಮ, ನಾನು ಅವನ ಪರವಾಗಿ ಹೂಂ ಅಂದೆವು.

ಅವರ ಮನೆ ಚಿಕ್ಕದು, ಮುಂದೆ ಜಗಲಿ, ಒಳಗೊಂದು ನಡುಮನೆ, ಅದರಾಚೆ ಪರದೆ ಕಟ್ಟಿದ ಬಾಗಿಲು. ನಮ್ಮವರು ಕಾಲು ತೊಳೆಯುವಷ್ಟರಲ್ಲಿ ಆ ಹೆಂಗಸಿನ ಪುಟ್ಟ ಹುಡುಗಿ ಚಿಕ್ಕಪ್ಪನ ಪಕ್ಕ ಜಗಲಿಯ ಮೇಲೆ ಬಂದು ಕುಳಿತಿದ್ದಳು.

“ನಿಮ್ದು ಮಿಲ್ಲು ಐತಂತೆ. ಇಟ್ಟು ಬೀಳುವಾಗ ಬಿಸಿ ಇರ್ತದಾ?”

“ಬಿಸಿ ಇರ್ತದೆ,” ಅಂದ ಚಿಕ್ಕಪ್ಪ. “ಅಂಗೈಲಿ ಇಡ್ಕಂಡ್ರೆ ಕೋಳಿಮರಿ ಇದ್ದಂಗಿರ್ತದೆ.”

“ಕಚ್ಚಲ್ವಾ?”

“ಕಚ್ಚಲ್ಲ. ಸೀನು ಬರಿಸ್ತದೆ ಅಷ್ಟೇ.”

ಒಂದು ಕಡೆಯೂ ತಡೆಯಲಿಲ್ಲ. ನನ್ನ ಕಿವಿಗೆ ಇದು ಬಿತ್ತು. ನನ್ನ ಪರೀಕ್ಷೆಗೆ ಬೇಕಾದದ್ದು ಇಲ್ಲಿ ಏನೂ ಸಿಗಲಿಲ್ಲವಲ್ಲ ಅಂತ ಅಂದುಕೊಂಡೆನೇ ಹೊರತು ಬೇರೇನೂ ತೋಚಲಿಲ್ಲ. ಇಂಥ ಕಿವಿಯನ್ನು ಇಟ್ಟುಕೊಂಡು ನಾನು ಜಾಣ ಅಂತ ತಿರುಗುತ್ತಿದ್ದೆ.

ಒಳಗೆ ಚಾಪೆ ಹಾಕಿದ್ದರು. ಗೋಡೆಗೆ ಒರಗಿ ಚಿಕ್ಕಪ್ಪನ ಬೆನ್ನ ಹಿಂದೆ ನಾನು, ಪಕ್ಕದಲ್ಲಿ ಅಜ್ಜಿ, ಎದುರಿಗೆ ಆ ಹೆಂಗಸಿನ ಅಪ್ಪ. ಮಳೆ ಬೆಳೆ, ಹೊಗೆನಕಲ್ಲಿಗೆ ಬಂದ ನೀರು, ಯಾರ ಮನೆಯ ಹಸು ಕರು ಹಾಕಿತು, ಎಲ್ಲ ಮುಗಿಯಿತು. ಆಗ ಪರದೆಯ ಹಿಂದಿನಿಂದ ಆ ಹೆಂಗಸೇ ಕೇಳಿದಳು. ದನಿ ಗಟ್ಟಿಯಾಗಿತ್ತು.

“ಒಂದ್ ಮಾತು ಕೇಳ್ತೀನಿ, ತೆಪ್ಪು ತಿಳೀಬೇಡಿ. ನಾನು ಬಂದ್ರೆ ನನ್ ಮಗ್ಳೂ ಬರ್ತಾಳೆ. ಮಗು ಬೇಕಾ ಬೇಡ್ವಾ, ಬೇರೆಯವ್ರು ಮಾತಾಡೋದು ಬೇಡ, ಅವ್ರ ಬಾಯಿಂದ್ಲೇ ಬರ್ಲಿ.”

ಚಿಕ್ಕಪ್ಪ ಕಣ್ಣು ಮುಚ್ಚಿದ. ಗದ್ದ ಮೇಲೆ ಹೋಯಿತು.

“ಬೇ...”

ಹಿಂದಿನಿಂದ ಅವನ ಕುತ್ತಿಗೆಯ ನರ ಉಬ್ಬುವುದು ನನಗೆ ಕಾಣುತ್ತಿತ್ತು.

“ಬೇ... ಬೇ...”

ಆಕೆಯ ಅಪ್ಪ ಸಂಕೋಚದಿಂದ ಚಾಪೆಯ ಎಳೆ ನೋಡುತ್ತಾ ಕುಳಿತರು. ಎಷ್ಟು ಸೆಕೆಂಡು ಅಂತ ನಾನು ಎಣಿಸಿದೆ, ಚಟವಾಗಿತ್ತು. ಐದು. ಆರು. ಅಜ್ಜಿ ನನ್ನ ತೊಡೆ ಚಿವುಟಿದಳು. ನಾನು ತಲೆ ತಗ್ಗಿಸಿ, ಚಿಕ್ಕಪ್ಪನ ಬೆನ್ನಿಗೆ ಮರೆಯಾಗಿ, ಅವನ ದನಿಯಲ್ಲಿ, ಅವನದೇ ಕೊನೆಯ ಉಸಿರು ಸೇರಿಸಿ ಮುಗಿಸಿದೆ.

“...ಡ.”

ಎಷ್ಟು ಸಾಫಾಗಿ ಸೇರಿತೆಂದರೆ ಬೆಸುಗೆ ಕಾಣಲಿಲ್ಲ. ಚಾಪೆ ನೋಡುತ್ತಿದ್ದವರಿಗೆ ಗೊತ್ತಾಗಲಿಲ್ಲ, ಪರದೆಯ ಹಿಂದಿದ್ದವಳಿಗೆ ಗೊತ್ತಾಗುವಂತೆಯೇ ಇರಲಿಲ್ಲ. ಬಾಗಿಲ ಹೊಸ್ತಿಲಲ್ಲಿ ಆ ಹುಡುಗಿ ನಿಂತಿದ್ದಳು, ಅವಳು ಚಿಕ್ಕಪ್ಪನ ಮುಖ ನೋಡುತ್ತಿದ್ದಳು. ಒಳಗಿಂದ “ಸೆರಿ” ಅಂತ ಒಂದು ಮಾತು ಬಂತು. ಆಮೇಲೆ ಕಾಫಿ ಬಂತು. ನಾವು ಕಾಫಿ ಕುಡಿದು, ಅಡಿಕೆ ಬಾಯಿಗೆ ಹಾಕಿಕೊಂಡು, ಮತ್ತೆ ಮಳೆ ಬೆಳೆ ಮಾತಾಡಿದೆವು. ಚಿಕ್ಕಪ್ಪ ಲೋಟ ಹಿಡಿದುಕೊಂಡೇ ಕುಳಿತಿದ್ದ. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ನಾವು ಎದ್ದಾಗ ಅವನೂ ಎದ್ದ.

ಬಸ್ಸಿನಲ್ಲಿ ಅಮ್ಮ, “ನೀನಾ ಅಂದಿದ್ದು?” ಅಂತ ಮೆಲ್ಲಗೆ ಕೇಳಿದಳು. ನಾನು ಹೆಮ್ಮೆಯಿಂದ ತಲೆ ಆಡಿಸಿದೆ. ಎರಡು ದಿನದಲ್ಲಿ ಸಂಬಂಧ ಕುದುರಿಸಿದ ಮಧ್ಯಸ್ಥಗಾರ ಬಂದು, ಅವರಿಗೆ ಬೇಡವಂತೆ, ಅಂತ ಹೇಳಿ ಹೋದ. ಅಜ್ಜಿ, “ಓಗ್ಲಿ ಬುಡು, ಇದಲ್ದಿದ್ರೆ ಇನ್ನೊಂದು,” ಅಂದಳು. ಚಿಕ್ಕಪ್ಪ ಮಿಲ್ಲಿಗೆ ಹೋದ. ಅವನು ಮೊದಲೇ ಮಾತು ಕಡಿಮೆ ಆಡುವವನು. ಇನ್ನೂ ಕಡಿಮೆಯಾಯಿತು ಅಂತ ಯಾರ ಗಮನಕ್ಕೂ ಬರಲಿಲ್ಲ.

ಮೂರು ವಾರ ಕಳೆಯಿತು. ಆಫೀಸಿನಲ್ಲಿ ನಮ್ಮ ಸರ್ವರನ್ನು ಆ ವ್ಯಾಪಾರಿಯ ಕಡೆ ಕೂರಿಸಿ ನೋಡಿದರು. ಹತ್ತು ಜನ ನಿಧಾನದ ಡೀಲರುಗಳು ಒಟ್ಟಿಗೆ ಸೇರಿದ ಕೂಡಲೇ ಹಿಂದಿನ ದೊಡ್ಡ ಸರ್ವರ್ ಸಿಕ್ಕಿಹಾಕಿಕೊಂಡು ನಿಂತಿತು. ನನ್ನ ಪರೀಕ್ಷೆಗಳೆಲ್ಲ ಪಾಸು ಅಂತಲೇ ತೋರಿಸುತ್ತಿದ್ದವು. ಅಕ್ಕ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ನಾನು ಬರೆದಿದ್ದನ್ನು ಸಾಲು ಸಾಲಾಗಿ ಓದಿದರು.

“ನಿನ್ನ ಡಮ್ಮಿ ಯಾವಾಗ ಉತ್ತರ ಕೊಡ್ತದೆ?”

“ಫಾರಂ ಬಂದ ತಕ್ಷಣ, ಅಕ್ಕ.”

“ಫಾರಂ ಪೂರಾ ಬಂದ್ಮೇಲಾ? ಅಥವಾ ಬರೋಕೆ ಶುರುವಾದ ತಕ್ಷಣಾನಾ?”

ನಾನು ನೋಡಿದೆ. ಶುರುವಾದ ತಕ್ಷಣ. ನಾನು ಕಳಿಸುತ್ತಿದ್ದದ್ದು ಯಾವಾಗಲೂ ಅದೇ ಒಂದು ಫಾರಂ. ಉತ್ತರ ಏನಿರಬೇಕು ಅಂತ ನನಗೆ ಗೊತ್ತೇ ಇತ್ತು. ಹಾಗಾಗಿ ಡಮ್ಮಿಗೆ ಮೊದಲ ಅಕ್ಷರಗಳು ಕಂಡ ಕೂಡಲೇ ಆ ಉತ್ತರ ಕೊಡಲು ಹೇಳಿಬಿಟ್ಟಿದ್ದೆ. ಕೆಲಸ ಬೇಗ ಮುಗಿಯಲಿ ಅಂತ.

“ಅಂದ್ರೆ ಇಲ್ಲಿ ಯಾರೂ ಯಾರ ಮಾತೂ ಕೇಳ್ತಿಲ್ಲ,” ಅಂದರು ಅಕ್ಕ. “ನಮ್ಮ ಸರ್ವರ್ ಪೂರಾ ಕಾಯದೆ ಬಂದಷ್ಟನ್ನ ಹಿಂದಕ್ಕೆ ಸೋರಿಸ್ತಿದೆ. ನಿನ್ನ ಡಮ್ಮಿ ಆ ಅರ್ಧ ಕೇಳಿ ಊಹೆ ಮಾಡ್ತಿದೆ. ನಿನ್ನ ಪರೀಕ್ಷೆ ಆ ಊಹೆ ನೋಡಿ ಶಭಾಷ್ ಅಂತಿದೆ. ಮೂವರೂ ಕಳ್ಳರು.”

“ಮತ್ತೆ ಹೇಗೆ ಕಂಡುಹಿಡಿಯೋದು?”

“ಎರಡು ಫಾರಂ ಮಾಡು. ಕೊನೆ ತನಕ ಎರಡೂ ಒಂದೇ ಇರ್ಲಿ. ಕೊನೆಯಲ್ಲಿ ಒಂದು ಸರಕು ವೇಣುಂ, ಇನ್ನೊಂದು ಸರಕು ವೇಂಡಾಂ. ‘ವೇ’ ತನಕ ಯಾರಿಗೂ ಗೊತ್ತಾಗಬಾರದು. ಅಲ್ಲಿ ಚೆನ್ನಾಗಿ ತಡಿ. ಆಮೇಲೆ ಮುಗಿಸು. ಊಹೆ ಮಾಡೋನು ಯಾರೇ ಆಗಿರ್ಲಿ, ಎರಡರಲ್ಲಿ ಒಂದಕ್ಕೆ ಸಿಕ್ಕಿಬೀಳ್ತಾನೆ.”

ನಮ್ಮ ಭಾಷೆಯಲ್ಲೇ ಇರಲಿ ಅಂತ ನಾನು ಬೇಕು, ಬೇಡ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ, ಡಮ್ಮಿಯ ಸಿದ್ಧ ಉತ್ತರವನ್ನು ಬೇಡ ಅಂತ ಇಟ್ಟೆ. ‘ಬೇ’ ಆದ ಮೇಲೆ ಆರು ಸೆಕೆಂಡು ತಡೆ ಹಾಕಿದೆ, ಆ ಲೆಕ್ಕ ಎಲ್ಲಿಂದ ಬಂತು ಅಂತ ಕೈಗೆ ಗೊತ್ತಿತ್ತು, ತಲೆಗೆ ಇನ್ನೂ ಗೊತ್ತಿರಲಿಲ್ಲ. ಓಡಿಸಿದೆ. ಬೇಡ ಅಂದ ಫಾರಂಗೆ ಡಮ್ಮಿ ಬೇಡ ಅಂತ ಉತ್ತರ ಕೊಟ್ಟಿತು. ಬೇಕು ಅಂದ ಫಾರಂಗೂ ಬೇಡ ಅಂತಲೇ ಕೊಟ್ಟಿತು. ಪರದೆಯ ಮೇಲೆ ಹೆಸರಿನ ಸಮೇತ ಬಂತು: ಚಿಕ್ಕಪ್ಪ, ಫೇಲು.

“ಸಿಕ್ತಲ್ಲ,” ಅಂದರು ಅಕ್ಕ. ಆಮೇಲೆ ನನ್ನ ಮುಖ ನೋಡಿ, “ಏನಾಯ್ತೋ? ಪರವಾಯಿಲ್ಲ, ಎಲ್ಲರೂ ಮಾಡೋ ತಪ್ಪೇ ಇದು,” ಅಂದರು.

ನಾನು ಆ ಸಾಲನ್ನೇ ಮತ್ತೆ ಓದಿದೆ. ಚಿಕ್ಕಪ್ಪ ‘ಬೇ’ ಅಂದದ್ದನ್ನು ಮಾತ್ರ ನಾನು ಕೇಳಿದ್ದೆ. ಉಳಿದದ್ದು ಏನಂತ ಮೂರು ವಾರದಿಂದ ಅವನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ವಾರ ಕೂತು ಸರಿ ಮಾಡಿದೆ. ಡಮ್ಮಿ ತಾನಾಗಿ ಏನೂ ಹೇಳಕೂಡದು, ತನಗೆ ಮೊದಲ ಅಕ್ಷರ ಮುಟ್ಟಿದ ಹೊತ್ತನ್ನು ಬರೆದಿಡಬೇಕು. ಡೀಲರ್ ಕೊನೆಯ ಅಕ್ಷರ ಕಳಿಸುವ ಮೊದಲೇ ಏನಾದರೂ ಮುಟ್ಟಿದ್ದರೆ ಫೇಲು. ಅರ್ಧಕ್ಕೆ ಎದ್ದುಹೋದವನ ಮಾತು ಹಿಂದಕ್ಕೆ ತಲುಪಿದ್ದರೆ ಫೇಲು. ಉತ್ತರವನ್ನು ಡೀಲರ್ ನಿಧಾನಕ್ಕೆ ಓದುತ್ತಿದ್ದರೂ ಡಮ್ಮಿಯ ಕೆಲಸ ಅಷ್ಟರಲ್ಲಿ ಮುಗಿದಿರಬೇಕು, ಇಲ್ಲದಿದ್ದರೆ ಫೇಲು. ಮೊದಲು ಎಲ್ಲವೂ ಫೇಲಾದವು. ಮಾಲೀಕರು ಸರ್ವರಿನ ಸೋರಿಕೆ ಮುಚ್ಚಿದ ಮೇಲೆ ಒಂದೊಂದಾಗಿ ಪಾಸಾದವು. ಮಷೀನು ಈಗ ಬಾಯಿ ಮುಚ್ಚಿಕೊಂಡು ಕಾಯುವುದನ್ನು ಕಲಿತಿತ್ತು. ಅದಕ್ಕೆ ಕಲಿಸಿದವನು ನಾನು ಅಂತ ಮಾಲೀಕರು ಎಲ್ಲರ ಮುಂದೆ ಹೊಗಳಿದರು. ಮಿಮಿಕ್ರಿ ಮಾಡು ಅಂದರು. ಗಂಟಲು ಕೆಟ್ಟಿದೆ ಅಂದೆ.

ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿ ಮಂಜವಾಡಿ ಕಣಿವೆ ದಾಟಿ ಊರಿಗೆ ಹೋದೆ. ಚಿಕ್ಕಪ್ಪ ಮಿಲ್ಲು ನಿಲ್ಲಿಸಿ ಬೆಲ್ಟು ಕಳಚುತ್ತಿದ್ದ. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟು.

“ಚಿಕ್ಕಪ್ಪ, ಅವತ್ತು ಮಾರಂಡಹಳ್ಳೀಲಿ ನೀನು ಏನ್ ಹೇಳಕ್ಕೋಗಿದ್ದೆ?”

ಅವನು ಬೆಲ್ಟು ಕೆಳಗಿಟ್ಟು ನನ್ನನ್ನು ನೋಡಿದ. ಕಣ್ಣು ಮುಚ್ಚಿದ. “ಬೇ...” ಅಂದ. ನನ್ನ ನಾಲಿಗೆ ತಾನಾಗಿ ಮೇಲೆದ್ದಿತು. ನಾನು ಅದನ್ನು ಹಲ್ಲಿನ ನಡುವೆ ಹಿಡಿದೆ. ಗಡಿಯಾರ ನೋಡಲಿಲ್ಲ. ಹೊರಗೆ ಯಾರೋ ಸೈಕಲ್ಲಿನಲ್ಲಿ ಬಂದು, ಮಿಲ್ಲು ನಿಂತದ್ದು ನೋಡಿ, ಹಿಂದಿರುಗಿ ಹೋದರು.

“ಬೇಕು ಅಂತ.”

ಆಮೇಲೆ ಹೆಗಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿದ ಹಾಗೆ ಅವನಿಗೆ ಎಷ್ಟು ವಯಸ್ಸಾಗಿದೆ ಅಂತ ಕಾಣಿಸಿತು.

“ಮತ್ತೆ ಯಾಕೆ ಸುಮ್ನಿದ್ದೆ? ನಾನು ಅಂದಿದ್ದು ತಪ್ಪು ಅನ್ನಬೋದಿತ್ತಲ್ಲ.”

ಇದಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯಿತು.

“ನೀ... ನೀನು ಅಂದಿದ್ದು ನಂಗೂ ಕೇಳಿಸ್ತು. ನನ್ ದನೀನೇ. ಒಂದ್ ಗಳಿಗೆ ನಂಗೇ ಅನ್ನಿಸ್ಬುಡ್ತು, ನಾನೇ ಅಂಗಂದ್ನೇನೋ ಅಂತ.”

ಹೋಗಿ ಹೇಳೋಣ ಅಂದೆ. ಅವನು ಬೇಡ ಅನ್ನಲಿಲ್ಲ. ಮಾರನೇ ದಿನ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಬಿಳಿ ಅಂಗಿ ಹಾಕಿ ಬಸ್ ನಿಲ್ದಾಣದಲ್ಲಿ ನನಗಿಂತ ಮೊದಲೇ ನಿಂತಿದ್ದ. ದಾರಿಯಲ್ಲಿ ತುಟಿ ಅಲ್ಲಾಡಿಸುತ್ತಿದ್ದ. ಹೇಳಬೇಕಾದದ್ದನ್ನು ಅಭ್ಯಾಸ ಮಾಡುತ್ತಿದ್ದ ಅಂತ ಕಾಣುತ್ತದೆ. ನಾನು ಕಿಟಕಿ ಕಡೆ ತಿರುಗಿಕೊಂಡೆ.

ಆ ಹೆಂಗಸು ಜಗಲಿಯಲ್ಲೇ ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದಳು. ಅವತ್ತು ಪರದೆ ಇರಲಿಲ್ಲ. ಹುಡುಗಿ ಒಳಗೆ ಏನೋ ಓದುತ್ತಿದ್ದ ದನಿ ಕೇಳುತ್ತಿತ್ತು, ತಮಿಳು ಪಾಠ. ನಮ್ಮನ್ನು ಕಂಡು ತಾಯಿ ಮಷೀನು ತುಳಿಯುವ ಕಾಲು ನಿಲ್ಲಿಸಿದಳು. ನಿಂತೇ ಹೇಳಿದೆ.

“ಅಕ್ಕ, ಅವತ್ತು ಬೇಡ ಅಂದಿದ್ದು ಇವರಲ್ಲ. ನಾನು.”

“ಇವ್ರ ದನಿ ನನ್ ಕಿವೀಲೇ ಕೇಳಿದ್ದೀನಿ ತಮ್ಮಾ.”

ಬಾಯಿಮಾತಿಗೆ ಅವಳು ನಂಬುವಂತಿರಲಿಲ್ಲ. ಚಿಕ್ಕಪ್ಪ ಪಕ್ಕದಲ್ಲೇ ನಿಂತಿದ್ದ. ಎಷ್ಟೋ ಸಲ ಅವನ ಮಾತು ಮುಗಿಸಿದ್ದೆ, ಅವನಿಲ್ಲದ ಕಡೆಯಲ್ಲೆಲ್ಲ ಅವನಾಗಿ ಕುಣಿದಿದ್ದೆ. ಆದರೆ ಅವನ ಕಣ್ಣ ಮುಂದೆ, ಮೊದಲಿನಿಂದ ಕೊನೆತನಕ, ಗದ್ದ ಎತ್ತಿ ಕಣ್ಣು ಮುಚ್ಚಿ, ಅವನನ್ನು ಒಮ್ಮೆಯೂ ಮಾಡಿ ತೋರಿಸಿರಲಿಲ್ಲ. ಅವತ್ತು ಮಾಡಿದೆ. “ಬೇ... ಬೇ... ಬೇಡ,” ಅಂದೆ. ಕಣ್ಣು ತೆರೆದಾಗ ಅವಳು ನನ್ನನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು. ಅವನು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಒಳಗೆ ಪಾಠ ಓದುವ ದನಿ ನಿಂತಿತ್ತು.

“ಇವರು ಹೇಳಕ್ಕೋಗಿದ್ದು ಬೇರೆ,” ಅಂದೆ. “ಅವರೇ ಹೇಳ್ತಾರೆ, ಕೇಳಿ.”

ಚಿಕ್ಕಪ್ಪ ಶುರು ಮಾಡಿದ. ಆ ದಿನ ಅವನಿಗೆ ಬಂದಷ್ಟು ತಡೆ ನಾನು ನನ್ನ ಪ್ರೋಗ್ರಾಮಿನಲ್ಲೂ ಹಾಕಿರಲಿಲ್ಲ. ಅವಳು ಕಾದಳು. ಸೂಜಿಯಿಂದ ಬಟ್ಟೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡದೆ ಕಾದಳು. ಅವನಿಗೆ ಸಹಾಯ ಮಾಡಲಿಲ್ಲ, ಬೇರೆ ಕಡೆ ನೋಡಲಿಲ್ಲ. ಹಾಗೆ ಕಾಯುವವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಬೇಕು,” ಅಂದ ಚಿಕ್ಕಪ್ಪ. “ಮಗು ಬೇಕು.”

ಅವಳು ತಲೆ ಆಡಿಸಿದಳು, ಕೇಳಿಸಿತು ಅನ್ನುವ ಹಾಗೆ.

“ಅವತ್ತು ನನ್ ಮಗ್ಳು ವಸ್ತಿಲಲ್ಲೇ ನಿಂತಿದ್ಲು,” ಅಂದಳು. “ಆ ಮಾತು ಬಿದ್ಮೇಲೆ ಅವ್ಳು ಇವ್ರ ಮೊಕಾನೇ ನೋಡ್ತಿದ್ಲು. ಇವ್ರು ಲೋಟ ನೋಡ್ತಿದ್ರು. ನೀವು ಎದ್ದೋದ್ಮೇಲೆ ನನ್ ಕೇಳಿದ್ಲು, ಅವ್ರು ಕೋಳಿಮರಿ ಅಂತ ಸೆನ್ನಾಗಿ ಮಾತಾಡಿದ್ರಲ್ಲಮ್ಮ, ನಾನೇನ್ ಮಾಡ್ದೆ ಅಂತ.”

ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದ. ಬರಲಿಲ್ಲ. ನಾನು ತಡೆಯಲಾರದೆ ಮತ್ತೆ ಬಾಯಿ ಹಾಕಿದೆ.

“ಅಕ್ಕ, ತಪ್ಪೆಲ್ಲ ನಂದೇ. ಇವರದು ಒಂದು ಚೂರೂ ಇಲ್ಲ. ಬೇಡ ಅಂದಿದ್ದು ನಾನು.”

ಅವಳು ಬಟ್ಟೆಯನ್ನು ಮತ್ತೆ ಸೂಜಿಯ ಕೆಳಗೆ ಕೊಟ್ಟು, ಚಕ್ರದ ಮೇಲೆ ಕೈಯಿಟ್ಟು, ನನ್ನನ್ನು ನೋಡಿ ಹೇಳಿದಳು:

“ಬೇಡ ಅಂದಿದ್ದು ನೀನು, ಒಪ್ಕಂಡೆ ತಮ್ಮಾ. ಆಮೇಲೆ ಇವ್ರು ಕಾಫಿ ಲೋಟ ಇಡ್ಕಂಡು ಸುಮ್ಕೆ ಕುಂತಿದ್ರಲ್ಲ, ಅದ್ನೂ ನೀನೇ ಮಿಮಿಕ್ರಿ ಮಾಡಿದ್ಯಾ?”